ಭಾನುವಾರದ ತೂಬು

ಶೋಭಿತಾ ಅವರೊಡನೆ ಮೊದಲ ಮಾತುಕತೆ ನಿಗದಿಯಾಗಲು ಏಳು ವಾರ ಹಿಡಿಯಿತು. ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ ನಯನ ಅವರ ಕೈಯಲ್ಲಿ ಒಂದು ಪತ್ರ ಕೊಟ್ಟು ಕಳುಹಿಸಿದೆ, ಉತ್ತರ ಬರಲಿಲ್ಲ. ಎರಡು ಬಾರಿ ಫೋನ್ ಮಾಡಿದೆ. ಎರಡು ಬಾರಿಯೂ ಹಿಂದಿನಿಂದ ಸಾಲು ಸಾಲು ಯಂತ್ರಗಳ ಸದ್ದು ಬಂದು ಮಾತು ತುಂಡಾಯಿತು. ಮೂರನೆಯ ಬಾರಿ ಅವರೇ ಕರೆದರು.

"ಭಾನುವಾರ ಬನ್ನಿ ಸಾರ್. ಮನೆಗಲ್ಲ, ತೂಬಿನ ತಾವ್ಕೆ. ಆರೂವರೆಗೆಲ್ಲ ಇರ್ಬೇಕು. ಯಾರಾದ್ರೂ ನೀರು ಕೇಳ್ಕಂಡು ಬಂದ್ರೆ ನಿಮ್ ಮಿಷನ್ ಆಫ್ ಮಾಡ್ಬುಡ್ಬೇಕು."

ಮೂರು ಷರತ್ತುಗಳಿಗೂ ಒಪ್ಪಿದೆ. ೨೦೨೪ರ ಸೆಪ್ಟೆಂಬರ್ ೧೫ರಂದು, ಭಾನುವಾರ ಬೆಳಗ್ಗೆ, ಕೆರೆಯ ಏರಿಯ ಮೇಲೆ ಧ್ವನಿಮುದ್ರಣ ಆರಂಭವಾಯಿತು. ಚಿಕ್ಕರಸಿನಕೆರೆಯಿಂದ ಮಳವಳ್ಳಿಯ ದಿಕ್ಕಿಗೆ ಹೋಗುವ ರಸ್ತೆಯಿಂದ ಒಳಗಿರುವ ಈ ಊರಿನ ಹೆಸರು ಬರೆಯುವುದು ಬೇಡವೆಂದು ಅವರು ಕೇಳಿಕೊಂಡರು. ಊರವರು ಕೆರೆಯನ್ನು ದೊಡ್ಡಕೆರೆ ಎನ್ನುತ್ತಾರೆ. ಇಲ್ಲಿಯೂ ಹಾಗೆಯೇ ಇರಲಿ. ಮುಂದಿನ ವಿವರಗಳು ಆ ದಿನದ ಹಾಗೂ ನಂತರದ ಮೂರು ಭಾನುವಾರಗಳ ಮಾತುಕತೆಯಿಂದ ಬಂದವು. ಅವನ್ನು ಶೋಭಿತಾ ಅವರು ಸಲ್ಲಿಸಿದ್ದ ಸಹಾಯಧನದ ಅರ್ಜಿಯ ಪ್ರತಿಯೊಡನೆಯೂ ಕೆರೆ ಬಳಕೆದಾರರ ಸಂಘದ ನಡಾವಳಿ ಪುಸ್ತಕದೊಡನೆಯೂ ತಾಳೆ ನೋಡಿದ್ದೇನೆ.

ಶೋಭಿತಾ ಅವರ ತಂದೆ ಕೆಂಪಸಿದ್ದಯ್ಯನವರು ಈ ಕೆರೆಯ ನೀರುಗಂಟಿ, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವರು. ಅವರಿಗಿಂತ ಮೊದಲು ಅವರ ತಂದೆ, ಅಜ್ಜ ಅದೇ ಕೆಲಸದಲ್ಲಿದ್ದರು. ಕಲ್ಲಿನ ತೂಬಿನ ಬಾಯಿಗೆ ಉದ್ದನೆಯ ಮರದ ಗೂಟವೊಂದು ಇಳಿಬಿಟ್ಟಿರುತ್ತದೆ. ಅದನ್ನೆತ್ತಿದರೆ ಕಾಲುವೆಗೆ ನೀರು. ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂಬುದು ನೀರುಗಂಟಿಯ ತೀರ್ಮಾನ. ಹತ್ತು ಎಕರೆಯ ಒಡೆಯನೂ ಆ ಗೂಟವನ್ನು ಮುಟ್ಟುವುದಿಲ್ಲ. ಪ್ರತಿಯಾಗಿ ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದ ಇಷ್ಟು ಭತ್ತ ಸಲ್ಲುತ್ತದೆ. ೨೦೧೭ರಲ್ಲಿ ಕೆಂಪಸಿದ್ದಯ್ಯನವರ ಮಂಡಿಗಳು ಸೋತಾಗ, ಮದ್ದೂರಿನಲ್ಲಿ ಬಿ.ಎ. ಮುಗಿಸಿದ್ದ ಮಗಳು ನೀರಿಗಿಳಿದರು.

"ಎಂಗಸು ತೂಬಿಗಿಳುದ್ರೆ ಕೆರೆ ಬತ್ತೋಯ್ತದೆ ಅಂದ್ರು. ಆ ವರ್ಸ ಕೋಡಿ ಬಿತ್ತು. ಆಮೇಲೆ ಯಾರೂ ಬಾಯ್ ಬುಡ್ನಿಲ್ಲ."

ಆದರೆ ಸುಗ್ಗಿಯ ಭತ್ತ ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಕೆಲವರು ಕೊಳವೆಬಾವಿ ತೋಡಿಸಿ ಕಬ್ಬಿಗೆ ತಿರುಗಿದರು. ಕೆಲವರು ಗದ್ದೆಯನ್ನು ಗುತ್ತಿಗೆಗೆ ಕೊಟ್ಟರು. ೨೦೨೩ರ ಹೊತ್ತಿಗೆ ಬಂದ ಭತ್ತ ಆರು ತಿಂಗಳ ಊಟಕ್ಕೂ ಸಾಲುತ್ತಿರಲಿಲ್ಲ. ಮದ್ದೂರಿನ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಯ ವ್ಯಾನು ದಿನವೂ ಆರು ಮುಕ್ಕಾಲಿಗೆ ಊರ ಬಾಗಿಲಿಗೆ ಬರುತ್ತಿತ್ತು. ಊರಿನ ಒಂಬತ್ತು ಹೆಂಗಸರು ಅದರಲ್ಲಿ ಹೋಗುತ್ತಿದ್ದರು. ಹತ್ತನೆಯ ಜಾಗ ಖಾಲಿಯಿತ್ತು. ಆಗಲೇ ನಯನ ಅವರು ಗ್ರಂಥಾಲಯದ ಪತ್ರಿಕೆಯಲ್ಲಿ ಬಂದ ಒಂದು ಪ್ರಕಟಣೆಯನ್ನು ಶೋಭಿತಾ ಅವರಿಗೆ ತೋರಿಸಿದರು. ಹಳ್ಳಿಗಾಡಿನಲ್ಲಿ ಪರಿಸರಕ್ಕೆ ಹಾನಿಯಾಗದಂತೆ ಪ್ರವಾಸೋದ್ಯಮ ನಡೆಸುವವರಿಗೆ ಸರ್ಕಾರದ ಸಹಾಯಧನ. ಶೋಭಿತಾ ಅವರು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡರು: ಸಿಕ್ಕರೆ ತೂಬು, ಸಿಗದಿದ್ದರೆ ವ್ಯಾನು.

ಅವರ ಯೋಜನೆ ಸರಳವಾಗಿತ್ತು. ಹನ್ನೆರಡು ಮಂದಿಗಿಂತ ಹೆಚ್ಚಿಲ್ಲದ ಗುಂಪು ತೂಬಿನಿಂದ ಹೊರಟು, ನೀರಿನ ವೇಗದಲ್ಲಿಯೇ ಕಾಲುವೆಯ ಬದಿಯಲ್ಲಿ ನಡೆದು ಕೊನೆಯ ಗದ್ದೆ ಸೇರುವುದು. ನೀರು ಹೇಗೆ ಹಂಚಿಕೆಯಾಗುತ್ತದೆಂದು ದಾರಿಯುದ್ದಕ್ಕೂ ತಿಳಿಯುವುದು. ಕೊನೆಗೆ ತಾಯಿ ಚಿಕ್ಕಮಾದಮ್ಮನವರ ಕೈಯ ಮುದ್ದೆ, ಬಸ್ಸಾರು. ಕೇಳಿದ್ದು ಒಂದು ಮಣ್ಣಿಟ್ಟಿಗೆಯ ತಂಗುಮನೆ ಮತ್ತು ಎರಡು ಶೌಚಾಲಯ. ಮಂಡ್ಯದಲ್ಲಿ ಶಿಕ್ಷಕರಾಗಿರುವ ತಮ್ಮ ಮಹದೇವು ಮಾತ್ರ ಒಪ್ಪಲಿಲ್ಲ.

"ಅಪ್ಪ ಸೊಂಟಮಟ್ಟ ನೀರಲ್ಲಿ ನಿಂತಿದ್ದನ್ನ ತೋರ್ಸಿ ಟಿಕೆಟ್ ತಗತೀಯೇನಕ್ಕ?" ಎಂದು ಅವರು ಕೇಳಿದರಂತೆ.

"ನಿಂತಿದ್ದನ್ನಲ್ಲ ಕಣ್ಲಾ. ಅಪ್ಪನ ತಲೇಲಿ ಏನದೆ ಅದನ್ನ."

ಅರ್ಜಿಗೆ ಹದಿನಾಲ್ಕು ದಾಖಲೆಗಳು ಬೇಕಿದ್ದವು. ಅವುಗಳಲ್ಲಿ ಮುಖ್ಯವಾದದ್ದು ಕೆರೆ ಬಳಕೆದಾರರ ಸಂಘದ ಒಪ್ಪಿಗೆ ಪತ್ರ. ಸಂಘದ ಅಧ್ಯಕ್ಷ ಶಿವರಾಮು ಅವರಿಗೆ ತೂಬಿನ ಬುಡದಲ್ಲೇ ಮೂರು ಎಕರೆ ಗದ್ದೆಯಿದೆ. ಊರಿಗೆ ಕಾರುಗಳು ಬರುತ್ತವೆ, ರಸ್ತೆಬದಿಯ ತಮ್ಮ ಜಾಗಕ್ಕೆ ಬೆಲೆ ಬರುತ್ತದೆ ಎಂದು ಅವರು ಸಂತೋಷದಿಂದಲೇ ಸಹಿ ಹಾಕಿದರು. ಅರ್ಜಿಯನ್ನು ಟೈಪು ಮಾಡಿದವರು ಮದ್ದೂರಿನಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುವ ರಘುನಂದನ್. ಹನ್ನೊಂದನೆಯ ಪುಟದಲ್ಲಿ 'ಜಲ ಆಧಾರಿತ ಮನರಂಜನೆ' ಎಂಬ ಕಲಮಿತ್ತು. ಅದಕ್ಕೆ ಎಂಟು ಅಂಕ. ರಘುನಂದನ್ ಅಲ್ಲಿ 'ವರ್ಷವಿಡೀ ದೋಣಿ ವಿಹಾರ' ಎಂದು ತುಂಬಿದರು. ಮೊದಲ ಪುಟಕ್ಕೆ ೨೦೨೨ರಲ್ಲಿ ಕೆರೆ ತುಂಬಿ ಕೋಡಿ ಹರಿದಾಗಿನ ಫೋಟೋ ಅಂಟಿಸಿದರು.

"ದೋಣಿ ಎಲ್ಲದಪ್ಪ ನಮ್ಮೂರಲ್ಲಿ?"

"ಬರ್ದು ಮಡಗಿರಾನ ಅಕ್ಕ. ಎಂಟು ಮಾರ್ಕು ಸುಮ್ನೆ ಬುಡಕ್ಕಾಯ್ತದಾ? ನೋಡಕ್ಕೆ ಯಾರ್ ಬತ್ತಾರೆ?"

ಶೋಭಿತಾ ಅವರು ಸಹಿ ಹಾಕಿದರು. "ಆ ಸೈನು ನಂದೇ ಸಾರ್. ಅವನ ಮೇಲೆ ಆಕಲ್ಲ" ಎಂಬ ಮಾತು ಧ್ವನಿಮುದ್ರಣದಲ್ಲಿ ಎರಡು ಕಡೆ ಇದೆ.

ನೋಡಲು ಬರುವವರಿದ್ದರು. ೨೦೨೩ರ ನವೆಂಬರ್ ೧೮ರ ಶನಿವಾರ ಫೋನಿಗೆ ಸಂದೇಶ ಬಂತು: ಪರಿಶೀಲನಾ ತಂಡವು ೨೪ರ ಶುಕ್ರವಾರ ಹನ್ನೊಂದು ಗಂಟೆಗೆ ಸ್ಥಳಕ್ಕೆ ಬರಲಿದೆ.

ಆ ವರ್ಷ ಮಳೆ ಕಡಿಮೆ. ಕೆರೆಯಲ್ಲಿ ಅರ್ಧ ನೀರು. ಇಂಥ ವರ್ಷಗಳಿಗೆ ದೊಡ್ಡಕೆರೆಯ ಕಟ್ಟಳೆಯೊಂದಿದೆ: ನೀರು ಮೊದಲು ಕಾಲುವೆಯ ಬಾಲದ ಗದ್ದೆಗೆ, ತಲೆಯ ಗದ್ದೆಗೆ ಕೊನೆಗೆ. ಬಾಲದ ಕೊನೆಯ ಗದ್ದೆ ತೂಬಿನಿಂದ ಎರಡು ಕಿಲೋಮೀಟರ್ ದೂರ, ಚಿಕ್ಕಬೋರಮ್ಮ ಎಂಬ ಅರವತ್ತೆಂಟರ ರೈತಮಹಿಳೆಯದು, ಇಪ್ಪತ್ತೆರಡು ಗುಂಟೆ. ತಡವಾಗಿ ನಾಟಿಯಾಗಿದ್ದ ಅಲ್ಲಿನ ಭತ್ತಕ್ಕೆ ಆ ವಾರವೇ ತೆನೆ ಒಡೆಯುವ ಹೊತ್ತು. ಸರದಿ ಬುಧವಾರ, ೨೨ಕ್ಕೆ ಬೀಳುತ್ತಿತ್ತು. ಬುಧವಾರ ತೂಬು ಎತ್ತಿದರೆ ಶುಕ್ರವಾರಕ್ಕೆ ನೀರು ಎರಡು ಗೇಣು ಇಳಿಯುತ್ತದೆ. ಕೆರೆಯ ಅಂಗಳ ತಟ್ಟೆಯಂಥದು. ಎರಡು ಗೇಣು ಇಳಿದರೆ ನೂರು ಗಜ ಕೆಸರು ಕಾಣುತ್ತದೆ.

ಮಂಗಳವಾರ ಮಧ್ಯಾಹ್ನ ಶಿವರಾಮು, ಶೋಭಿತಾ ಅವರ ಮನೆಯಂಗಳಕ್ಕೆ ಬಂದರು. ಚಿಕ್ಕಮಾದಮ್ಮನವರು ಹಾಕಿದ ಕುರ್ಚಿಯಲ್ಲಿ ಕೂರಲಿಲ್ಲ.

"ಸುಕ್ರವಾರ ಮದ್ಯಾನ್ನದ ತಂಕ ಗೂಟ ಮುಟ್ಬ್ಯಾಡ ಕಣಮ್ಮ."

"ನಾಳೆ ಬಾಲದ ಸರದಿ ಅಣ್ಣ."

"ಸರದಿ ಎಲ್ಲಿಗೂ ಓಡೋಗಕಿಲ್ಲ. ಬರೋರು ಕೆರೆ ನೋಡಕ್ಕೆ ಬತ್ತಾವ್ರೆ, ಕೆಸರು ನೋಡಕ್ಕಲ್ಲ. ಮೂರೇ ದಿನಕ್ಕೆ ಯಾರ ಗದ್ದೆ ಸತ್ತೋಯ್ತದೆ?"

"ತೆನೆ ಒಡೀತಾ ಅದೆ. ಈಗ ಒಣಗುದ್ರೆ ಬರೀ ಜೊಳ್ಳು."

"ಬೋರಮ್ಮಂಗೆ ನಾನು ಯೋಳ್ತೀನಿ ಬುಡು. ನಿನ್ ಒಳ್ಳೇದಕ್ಕೆ ಅಲ್ವಾ ನಾ ಬಂದಿರೋದು? ಸಂಗದ ಕಾಗದ ಕೊಟ್ಟೋನು ನಾನು. ವಾಪಸ್ ತಗಳಕ್ಕೆ ಒಂದು ಫೋನ್ ಸಾಕು."

ಅವರು ಹೋದ ಮೇಲೆ ಶೋಭಿತಾ ಅವರು ಜಗಲಿಯ ಮೇಲಿದ್ದ ತಂದೆಯ ಮುಖ ನೋಡಿದರು. ಒಪ್ಪಿಗೆ ಪತ್ರ ಹಿಂತಿರುಗಿದರೆ ಅರ್ಜಿ ಅಲ್ಲಿಗೇ ಮುಗಿಯುತ್ತಿತ್ತು.

"ಏನಪ್ಪೋ ಮಾಡ್ಲಿ?"

"ನನ್ ಕೇಳ್ಬ್ಯಾಡ ಮಗ. ಗದ್ದೆ ಕೇಳು. ಬೆಳ್ಳಾಕಿ ನೋಡ್ದಾ?"

ಬೆಳ್ಳಾಕುವುದು, ಅಂದರೆ ಬೆರಳು ಹಾಕಿ ನೋಡುವುದು, ಅವರ ಮನೆತನದ ಅಳತೆ. ಗದ್ದೆಯ ಬಿರುಕಿಗೆ ಕಿರುಬೆರಳು ಇಳಿಸುತ್ತಾರೆ. ಮೊದಲ ಗೆಣ್ಣಿಗೆ ನಿಂತರೆ ನೀರು ಬಿಡುವುದನ್ನು ಎರಡು ದಿನ ತಡೆಯಬಹುದು. ಎರಡನೆಯ ಗೆಣ್ಣು ದಾಟಿದರೆ ಮಾರನೆಯ ದಿನದ ಬಿಸಿಲಿಗೆ ಮೊದಲೇ ತೂಬು ಎತ್ತಬೇಕು. ಶೋಭಿತಾ ಅವರು ಎರಡು ಕಿಲೋಮೀಟರ್ ನಡೆದು ಹೋದರು. ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಚಿಕ್ಕಬೋರಮ್ಮ ಕುಡುಗೋಲು ನಿಲ್ಲಿಸಿ ನೋಡಿದರು.

"ಏನಮ್ಮಿ, ನನ್ ಗದ್ದೆಗೆ ನಾಡಿ ನೋಡ್ತಿದ್ದೀಯಾ? ಜೀವ ಅದಾ?"

"ಅದೆ ಬೋರವ್ವ." ಬೆರಳು ಎರಡನೆಯ ಗೆಣ್ಣು ದಾಟಿ ಬುಡದವರೆಗೆ ಇಳಿದಿತ್ತು.

"ಶಿವರಾಮು ಬಂದಿದ್ದ. ಸುಕ್ರವಾರದ ತಂಕ ತಡ್ಕೊ, ಆ ಎಣ್ಣಿಗೆ ಸರ್ಕಾರದ್ದು ಬತ್ತದೆ ಅಂದ. ನಾನು ತಡ್ಕತೀನಿ ಕಣಮ್ಮಿ, ಉಟ್ದಾಗ್ಲಿಂದ ತಡ್ಕಂಡೇ ಬಂದಿವ್ನಿ. ಬತ್ತಕ್ಕೆ ನೀನೇ ಯೋಳೋಗು, ತಡ್ಕೊ ಅಂತ."

ಬುಧವಾರ ಬೆಳಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗ ಶೋಭಿತಾ ಅವರು ಸೀರೆಯ ಸೆರಗು ಬಿಗಿದು ನೀರಿಗಿಳಿದು ಗೂಟ ಎತ್ತಿದರು. ಏರಿಯ ಮೇಲೆ ಶಿವರಾಮು ನಿಂತಿದ್ದರು, ಕೈಯಲ್ಲಿ ಫೋನಿತ್ತು. ಗೂಟ ಮೇಲೆದ್ದದ್ದನ್ನು ನೋಡಿ ತಿರುಗಿ ನಡೆದರು. ಒಪ್ಪಿಗೆ ಪತ್ರ ವಾಪಸ್ ಪಡೆಯಲು ಅವರು ಮಂಡ್ಯದ ಪ್ರವಾಸೋದ್ಯಮ ಕಚೇರಿಗೆ ಫೋನ್ ಮಾಡಿದರೋ ಇಲ್ಲವೋ ಎಂಬುದು ಎರಡು ದಿನ ತಿಳಿಯಲಿಲ್ಲ. ಆ ಎರಡು ದಿನ ಶೋಭಿತಾ ಅವರು ತಲೆಯ ಗದ್ದೆಗಳ ಬಾಯಿಗೆ ಮಣ್ಣು ಮೆತ್ತುತ್ತ, ಒಣಗಿದ ಕಾಲುವೆ ಕುಡಿದು ಮುಗಿಸುವುದನ್ನು ಕಾಯುತ್ತ, ನೀರಿನ ಮೂತಿಯ ಜೊತೆ ನಡೆದರು. ಪ್ರತಿ ಬಾರಿ ಫೋನು ಸದ್ದು ಮಾಡಿದಾಗಲೂ ಕೈಯ ಕೆಸರನ್ನು ಸೀರೆಗೆ ಒರೆಸಿ ನೋಡಿದರು. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ನೀರು ಬಾಲ ಮುಟ್ಟಿತು.

ಶುಕ್ರವಾರ ತಂಡ ಬಂತು. ಮೂವರಲ್ಲಿ ಮುಖ್ಯರಾದವರು ದೀಪಿಕ ಎಂಬ ಅಧಿಕಾರಿ. ಅವರು ಏರಿಯ ಮೇಲೆ ನಿಂತು ಅರ್ಜಿಯ ಫೋಟೋ ನೋಡಿದರು, ಕೆರೆ ನೋಡಿದರು. ಎದುರಿಗೆ ಕೆಸರು, ಅದರಾಚೆ ನೀರು.

"ಇದೇ ಕೆರೆನಾ?"

"ಇದೇ ಮೇಡಂ. ಫೋಟೋ ಓದ್ ವರ್ಸದ್ದು."

"ದೋಣಿ ಅಂತ ಬರೆದಿದ್ದೀರಿ. ಎಲ್ಲಿದೆ?"

ಉತ್ತರ ಹಿಂದಿನಿಂದ ಬಂತು. ಶಿವರಾಮು ಒಗೆದ ಬಿಳಿ ಅಂಗಿ ತೊಟ್ಟು ಬಂದಿದ್ದರು. "ಆರ್ಡರ್ ಕೊಟ್ಟಿದೀವಿ ಮೇಡಂ. ಮಳೆ ಬಂದೇಟ್ಗೆ ಇಳಿಸ್ತೀವಿ."

ಪತ್ರ ವಾಪಸಾಗಿರಲಿಲ್ಲ ಎಂದು ಶೋಭಿತಾ ಅವರಿಗೆ ಆಗ ತಿಳಿಯಿತು. ತಾವು ಸುಮ್ಮನಿದ್ದರೆ ಸಾಕು ಎಂಬುದೂ ತಿಳಿಯಿತು.

"ಆರ್ಡರ್ ಕೊಟ್ಟಿಲ್ಲ ಮೇಡಂ. ದೋಣಿ ಇಲ್ಲ, ಬರೋದೂ ಇಲ್ಲ. ಬ್ಯಾಸಗೇಲಿ ಈ ಕೆರೇಲಿ ಎಮ್ಮೆ ಮಲಗ್ತವೆ. ಆ ಸಾಲ್ನ ಒಡೆದಾಕ್ಬುಡಿ."

"ಎಂಟು ಅಂಕ ಹೋಗುತ್ತೆ. ಗೊತ್ತಲ್ವಾ?"

"ಗೊತ್ತು."

"ನಾವು ಬರೋ ಹೊತ್ತಿಗೇ ನೀರು ಯಾಕೆ ಬಿಟ್ರಿ?"

"ಬನ್ನಿ, ಎಲ್ಲಿಗೆ ಓಯ್ತದೆ ಅಂತ ತೋರಿಸ್ತೀನಿ."

ತಂಡದ ಇನ್ನಿಬ್ಬರು ಹುಣಸೆಮರದ ನೆರಳಿನಲ್ಲಿ ಉಳಿದರು. ದೀಪಿಕ ಅವರು ಚಪ್ಪಲಿ ಕೈಯಲ್ಲಿ ಹಿಡಿದು ಒಂದು ಗಂಟೆ ಹತ್ತು ನಿಮಿಷ ಕಾಲುವೆಯ ಬದಿಯಲ್ಲಿ ನಡೆದರು. ಕೊನೆಯ ಗದ್ದೆಯಲ್ಲಿ ಚಿಕ್ಕಬೋರಮ್ಮ ಮಂಡಿಯವರೆಗೆ ಸೀರೆ ಎತ್ತಿಕಟ್ಟಿ ನಿಂತಿದ್ದರು.

"ಇವ್ರೇನಮ್ಮಿ ದೋಣಿ ಮೇಲೆ ಬರೋರು? ಇಳೀರವ್ವ, ಎದ್ರುಕಬ್ಯಾಡಿ, ಮುಳುಗಾಕಿಲ್ಲ."

ದೀಪಿಕ ಅವರು ನಕ್ಕರು. ಅಲ್ಲಿಯೇ ಬದುವಿನ ಮೇಲೆ ಕುಳಿತು ಹನ್ನೊಂದನೆಯ ಪುಟದ ಆ ಸಾಲಿಗೆ ಅಡ್ಡಗೆರೆ ಎಳೆದರು. ಪಕ್ಕದಲ್ಲಿ ಶೋಭಿತಾ ಅವರಿಂದ ಸಹಿ ಪಡೆದರು. ಮೂಲೆಯಲ್ಲಿ ಒಂದು ಕೆಸರು ಬೆರಳಿನ ಗುರುತಿದೆ; ಪ್ರತಿಯಲ್ಲಿಯೂ ಅದು ಕಾಣುತ್ತದೆ.

೨೦೨೪ರ ಜನವರಿ ೧೨ರಂದು ಪಟ್ಟಿ ಬಂತು. ಬೇಕಿದ್ದದ್ದು ಅರವತ್ತೈದು ಅಂಕ, ಬಂದದ್ದು ಅರವತ್ತೊಂದು. ಅದೇ ವಾರ ಚಿಕ್ಕಬೋರಮ್ಮ ನೀರುಗಂಟಿಯ ಪಾಲಿನ ಭತ್ತವನ್ನು ತಾವೇ ತಲೆಯ ಮೇಲೆ ಹೊತ್ತು ತಂದು ಜಗಲಿಯ ಮೇಲೆ ಸುರಿದರು. "ಜೊಳ್ಳು ಉಡಿಕಿ ನೋಡಮ್ಮಿ, ಸಿಕ್ರೆ ಯೋಳು" ಎಂದು ಹೇಳಿ, ನೀರೂ ಕುಡಿಯದೆ ಹೋದರು. ಜನವರಿ ೨೯, ಸೋಮವಾರ, ಶೋಭಿತಾ ಅವರು ವ್ಯಾನು ಹತ್ತಿದರು. ಫೋನಿನಲ್ಲಿ ನನಗೆ ಕೇಳಿಸಿದ್ದು ಆ ಕಾರ್ಖಾನೆಯ ಹೊಲಿಗೆ ಯಂತ್ರಗಳ ಸದ್ದು.

ಮುಂದಿನ ಮಳೆಗಾಲ ಚೆನ್ನಾಗಿ ಆಯಿತು, ಕೆರೆ ತುಂಬಿತು, ಆಗಸ್ಟಿನಲ್ಲಿ ನಾಟಿಗೆ ನೀರು ಬೇಕಾಯಿತು. ಗೂಟ ಎತ್ತಲು ಶಿವರಾಮು ಪಕ್ಕದ ಊರಿನಿಂದ ಒಬ್ಬನನ್ನು ಕರೆತಂದರು. ಅವನು ಬರುವ ಹೊತ್ತಿಗೆ ಚಿಕ್ಕಬೋರಮ್ಮ ಮತ್ತು ಬಾಲದ ಕಡೆಯ ಹನ್ನೊಂದು ಮಂದಿ ತೂಬಿನ ಕಲ್ಲಿನ ಮೇಲೆ ಕುಳಿತಿದ್ದರು.

"ಬೆಳ್ಳಾಕಿ ನೋಡಕ್ಕೆ ಬತ್ತದೇನ್ಲಾ ನಿಂಗೆ?" ಎಂದು ಚಿಕ್ಕಬೋರಮ್ಮ ಕೇಳಿದರು. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಂದ ಬೈಕಿನಲ್ಲೇ ಹಿಂತಿರುಗಿದ. ಎಂಟು ದಿನ ಗೂಟ ಮೇಲೇಳಲಿಲ್ಲ. ಒಟ್ಲಿನಲ್ಲಿ, ಅಂದರೆ ಸಸಿಮಡಿಯಲ್ಲಿ, ಪೈರು ನಾಟಿಯ ಹದ ಮೀರಿ ಬಲಿಯುತ್ತಿತ್ತು, ಶಿವರಾಮು ಅವರ ಮೂರು ಎಕರೆಯೂ ಒಣಗಿಯೇ ಇತ್ತು. ಎಂಟನೆಯ ದಿನ ಶಾಲೆಯ ಮುಂದೆ ಸಂಘದ ಸಭೆ ಸೇರಿತು. ರಜೆಯಾದ್ದರಿಂದ ಶೋಭಿತಾ ಅವರೂ ಇದ್ದರು.

"ಆ ಗೂಟ ನಿಂಗೇ ಅಂಟ್ಕಂಡದೆ, ಏನ್ ಮಾಡನ" ಎಂದರು ಶಿವರಾಮು. ನಡಾವಳಿ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು, "ಅರ್ಜಿ ತಿರ್ಗಾ ಆಕ್ತೀಯಾ? ತಗಂಬಾ, ಸೈನ್ ಆಕ್ತೀನಿ. ದೋಣಿ ಗೀಣಿ ಇದ್ರೆ ಮಾತ್ರ ಆಕಲ್ಲ ಕಣಮ್ಮ" ಎಂದರು.

ಎರಡನೆಯ ಅರ್ಜಿ ಸಲ್ಲಿಕೆಯಾಗಿದೆ. ಅದರ ಮೊದಲ ಪುಟದಲ್ಲಿ ಇಳಿದ ಕೆರೆಯ, ಹರಿಯುವ ಕಾಲುವೆಯ ಫೋಟೋ ಇದೆ. ಹನ್ನೊಂದನೆಯ ಪುಟದ ಆ ಕಲಮು ಖಾಲಿ. ನಾನು ಇದನ್ನು ಬರೆದು ಮುಗಿಸುವವರೆಗೆ ಅದರ ತೀರ್ಮಾನ ಬಂದಿರಲಿಲ್ಲ. ಅಂದಿನ ಸಭೆಯ ಇನ್ನೊಂದು ತೀರ್ಮಾನ ನಡಾವಳಿ ಪುಸ್ತಕದ ನಲವತ್ತೇಳನೆಯ ಪುಟದಲ್ಲಿ, ಶಿವರಾಮು ಅವರ ಕೈಬರಹದಲ್ಲಿದೆ:

"ದಿನಾಂಕ ೧೮–೦೮–೨೦೨೪, ಭಾನುವಾರ. ಇಂದಿನಿಂದ ತೂಬು ಎತ್ತುವ ದಿನ ಭಾನುವಾರ. ಮುಚ್ಚುವುದು ಸೋಮವಾರ ಬೆಳಗ್ಗೆ ಐದೂಮುಕ್ಕಾಲಿಗೆ, ವ್ಯಾನು ಬರುವ ಮುಂಚೆ. ಎತ್ತುವವರು ಕೆಂಪಸಿದ್ದಯ್ಯನವರ ಮಗಳು ಶೋಭಿತಾ."