ಸರೋಜಾ ಆಂಟಿಯ ತಲೆಯಾಟ

ಗೆಳೆಯರೇ, ಇವತ್ತು ಬೆಳಿಗ್ಗೆ ಬಸ್ ಕಚೇರಿಯವರು ನಮ್ಮ ಪಕ್ಕದ ಮನೆಯ ಸರೋಜಾ ಆಂಟಿಯ ತಲೆಯಾಟವನ್ನೇ ಅವರ ವಿರುದ್ಧ ಸಾಕ್ಷಿ ಮಾಡಿಕೊಂಡರು.

ಕಳೆದ ತಿಂಗಳು ಇಲ್ಲಿ, ಅಮೆರಿಕದ ರಾಚೆಸ್ಟರ್ ಹಿಲ್ಸ್‌ನಲ್ಲಿ, ಆಂಟಿ ಬಸ್ ಹತ್ತಿ ಕೂರುವ ಮೊದಲೇ ಡ್ರೈವರ್ ಹೊರಟುಬಿಟ್ಟ. ಬಿದ್ದ ಆಂಟಿಯ ಸೊಂಟದ ಮೂಳೆ ಮುರಿಯಿತು. ಪರಿಹಾರದ ಅರ್ಜಿಯನ್ನು ಏಕೆ ತಳ್ಳಿಹಾಕಿದಿರಿ ಎಂದು ಕೇಳಲು ಅವರ ಜೊತೆ ಹೋಗಿದ್ದೆ. ಅಧಿಕಾರಿ ಬಸ್ಸಿನ ಕ್ಯಾಮೆರಾದ ವಿಡಿಯೊ ಹಾಕಿದ. "ಪೆಟ್ಟಾಯಿತೇ ಅಂತ ಡ್ರೈವರ್ ಕೇಳಿದ್ದಾನೆ. ನೋಡಿ, ಇವರು ಇಲ್ಲ ಅಂತ ತಲೆಯಾಡಿಸಿದ್ದಾರೆ."

ವಾಕರ್ ಹಿಡಿದು ನಿಂತಿದ್ದ ಆಂಟಿ ನನ್ನತ್ತ ತಿರುಗಿದರು. "ಅಯ್ಯೋ, ನಾನು ಹೂಂ ಅಂತ ತಾನೇ ತಲೆ ಆಡ್ಸಿದ್ದು! ನೋವಿಗೆ ಮಾತೇ ಹೊರಡ್ಲಿಲ್ಲ ಕಣಪ್ಪ."

ಮೈಸೂರಿನ ತಲೆ ಅದು, ಹೌದು ಎನ್ನಲೂ ಅಕ್ಕಪಕ್ಕಕ್ಕೇ ವಾಲುತ್ತದೆ. ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. "ತನಿಖೆಯ ವರದಿ ಮುಗಿದಿದೆ" ಎಂದ ಅಧಿಕಾರಿ.

"ಸರಿ, ವಿಡಿಯೊ ಸ್ವಲ್ಪ ಹಿಂದಕ್ಕೆ ಹಾಕಿ. ಬಸ್ ಯಾವಾಗ ಹೊರಟಿತು ಅಂತ ನೋಡೋಣ" ಎಂದೆ.

ಅವನು ಲ್ಯಾಪ್‌ಟಾಪ್ ಮುಚ್ಚಿದ.

ಎರಡು ವರ್ಷದ ಹಿಂದೆ ಇನ್ನೊಬ್ಬ ಹಿರಿಯರು ಹೀಗೇ ಬಿದ್ದಾಗ, ಇದೇ ಕಚೇರಿ ಸಾರ್ವಜನಿಕ ಸಭೆಯಲ್ಲಿ ಮಾತು ಕೊಟ್ಟಿತ್ತು: ವಯಸ್ಸಾದವರು ಕೂರುವವರೆಗೆ ಬಸ್ ಕದಲುವುದಿಲ್ಲ. ಮೂರನೇ ಸಾಲಿನಲ್ಲಿ ಕೂತು ಬರೆದುಕೊಂಡಿದ್ದೇನೆ, ಮರೆತಿಲ್ಲ.

ಮುಂದಿನ ಸಭೆಯಲ್ಲಿ ಆ ವಿಡಿಯೊವನ್ನು ಮೊದಲಿನಿಂದ ಹಾಕಲಿ. ಆಂಟಿ ಕೂರುವ ಮೊದಲೇ ಬಸ್ ಹೊರಟಿತೋ ಇಲ್ಲವೋ, ಎಲ್ಲರೆದುರು ಹೇಳಲಿ. ಬಾಯಿಬಿಟ್ಟು ಹೇಳಲಿ, ತಲೆಯಾಡಿಸಿದರೆ ಸಾಲದು.