ನನ್ನ ಕರಡಿಗೆ ಸುಟ್ಟ ಸೋಮವಾರ

ಕಾರ್ತಿಕದ ಎರಡನೆಯ ಸೋಮವಾರ, ಬೆಳಗಿನ ಐದು ಗಂಟೆ. ದುಮ್ಮವಾಡದ ನಮ್ಮ ಮನೆಯ ಪೂಜೆಯ ಕೋಣೆಯಲ್ಲಿದ್ದವರು ಮೂವರು: ನಾನು, ಸೊಸೆ ಗಿರಿಜಾ, ಮೊಮ್ಮಗಳು ಶಿವಲೀಲಾ. ಮೂವರೂ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕುಳಿತಿದ್ದೆವು. ಪೂಜೆ ಮಾಡುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ನಾನು ಶಿವನ ಜೊತೆ ಜಗಳ ಆಡುತ್ತಿದ್ದೆ.

ಶರಣ ಬಂಧುಗಳೇ, ನಾನು ಸರಕಾರಿ ದವಾಖಾನೆಯ ಆಪರೇಷನ್ ಕೋಣೆಯಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು. ಐದಕ್ಕೆ ಪೂಜೆ, ಆರಕ್ಕೆ ಚಹಾ, ಏಳಕ್ಕೆ ಅಂಗಳ ಸ್ವಚ್ಛ. ಜ್ವರ ಬಂದರೂ ಈ ಸಾಲು ತಪ್ಪಿಸಿದವಳಲ್ಲ. ಸಿಟ್ಟೂ ನನಗೆ ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಆ ಸಲ ಮಾತ್ರ ನಾಲ್ಕು ದಿನದಿಂದ ಇಳಿದಿರಲಿಲ್ಲ.

ಕಾರಣ ಇದು. ಶಿವಲೀಲಾ ಕಲಘಟಗಿಯ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಆರು ತಿಂಗಳಿಂದ ವೆಲ್ಡಿಂಗ್ ಕಲಿಯುತ್ತಿದ್ದಳು. ಕಬ್ಬಿಣ ಕತ್ತರಿಸುವುದು, ಕೂಡಿಸುವುದು, ಗೇಟು, ಚೌಕಟ್ಟು, ಟ್ರಾಲಿಯ ಬಾಡಿ ಕಟ್ಟುವುದು ಎಲ್ಲ ಅದರಲ್ಲೇ ಬರುತ್ತದೆ. ಹೆಣ್ಣು ಹುಡುಗಿಗೆ ಬೆಂಕಿಯ ಕೆಲಸ ಯಾಕೆ ಎಂದು ಕೇಳಿದವರಿಗೆಲ್ಲ, ನಿಮ್ಮ ಮನೆಯ ಒಲೆ ಯಾರು ಹಚ್ಚುತ್ತಾರೆ ಎಂದು ನಾನೇ ಬಾಯಿ ಮುಚ್ಚಿಸಿದ್ದೆ. ಕೊನೆಯ ಪರೀಕ್ಷೆ ಗುರುವಾರ ಇತ್ತು. ಅಷ್ಟರಲ್ಲಿ ಹೊಸ ಮಾಸ್ತರರು ಬಂದರು. ಮಹಾದೇವಪ್ಪ ಎಂದು ಹೆಸರು. ಹಿಂದಿನ ಮಾಸ್ತರರು ಕಂಡೂ ಬಿಟ್ಟಿದ್ದ ಬೆಳ್ಳಿಯ ಕರಡಿಗೆಯನ್ನು ಬಂದ ದಿನವೇ ಹುಡುಗಿಯ ಕೊರಳಲ್ಲಿ ನೋಡಿ, ಅದನ್ನು ತೆಗೆದಿಟ್ಟು ಒಳಗೆ ಬಾ, ಕೊರಳಲ್ಲಿ ಏನೂ ಜೋತಾಡಬಾರದು ಎಂದರಂತೆ. ಕರಡಿಗೆಯೊಳಗೆ ಇರುವುದು ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೆ ಹೋಗುವ ತನಕ ಮೈಮೇಲೆ ಇರಬೇಕಾದದ್ದು. ಅವಳು ಮನೆಗೆ ಬಂದು ನನ್ನನ್ನು ಕೇಳಿದಳು. ನಾನು ಆಣೆ ಹಾಕಿಸಿದೆ: ತೆಗೆಯಬೇಡ. ಅವಳು ತೆಗೆಯಲಿಲ್ಲ, ಅವರು ಒಳಗೆ ಬಿಡಲಿಲ್ಲ. ನಾಲ್ಕು ದಿನ ಶೆಡ್ಡಿನ ಬಾಗಿಲಲ್ಲಿ ನಿಂತು ಸಂಜೆಯ ಬಸ್ಸಿಗೆ ತಿರುಗಿ ಬಂದಳು.

ಆ ಸೋಮವಾರ ಐದನೆಯ ದಿನ. ಪೂಜೆ ಮುಗಿಯುವ ಮೊದಲೇ ಅವಳು ಬಾಯಿ ಬಿಟ್ಟಳು.

"ಆಯಿ, ಇವತ್ತೂ ಒಳಗ ಹೋಗಲಿಲ್ಲಂದ್ರ ನನ್ನ ಹೆಸರು ಹೊಡೀತಾರ. ಪರೀಕ್ಷಾಕ್ಕ ಕೂಡ್ಸೂದಿಲ್ಲ."

"ಹೊಡೀಲಿ. ನೋಡೂಣು ಎಷ್ಟ ಧೈರ್ಯ ಐತಿ."

"ನಿನಗೇನ ಬೇ, ನಿನ್ನ ನೌಕರಿ ಮುಗದೈತಿ. ನಂದು ಚಾಲೂನ ಆಗಿಲ್ಲ."

ಗಿರಿಜಾ ತಲೆ ಬಗ್ಗಿಸಿಕೊಂಡೇ, "ಅತ್ತಿ, ನಾಲ್ಕು ದಿನ ಬಾಗಲಾ ಕಾದಾಳ್ರಿ. ಹೊಸ್ತಿಲಿಗೆ ಪೂಜಿ ಮಾಡೂದೊಂದ ಬಾಕಿ" ಎಂದಳು. ಬೇರೆ ದಿನವಾದರೆ ನಗುತ್ತಿದ್ದೆ. ಅಂದು ಇಬ್ಬರಿಗೂ ಸುಮ್ಮನಿರಿ ಎಂದು ಗದರಿಸಿ, ಅಂಗೈಯಲ್ಲಿದ್ದ ಲಿಂಗಕ್ಕೆ ನೇರವಾಗಿ ಹೇಳಿದೆ: ತಂದೆ, ನಿನ್ನನ್ನು ಬಿಡಲಿಲ್ಲ ಎಂದು ಈ ಹುಡುಗಿಯ ಅನ್ನ ಹೋಗುವುದಾದರೆ ಅದು ಯಾವ ನ್ಯಾಯ? ಆ ಮನುಷ್ಯನ ಹಟ ಇವತ್ತೇ ಮುರಿ. ನಾಳೆ ಅಲ್ಲ, ಇವತ್ತು. ಬೇಡಿಕೊಂಡಂತೆ ಇರಲಿಲ್ಲ, ಡಾಕ್ಟರರಿಗೆ ರಿಪೋರ್ಟ್ ಒಪ್ಪಿಸಿದ ಹಾಗೆ ಇತ್ತು.

ಅಂದು ನಾನೂ ಅವಳ ಜೊತೆ ಕಲಘಟಗಿಗೆ ಹೊರಟೆ. ಏಳೂ ನಲವತ್ತರ ಬಸ್ಸು ಎಂಟು ಗಂಟೆಗೆ ಬಂತು. ಅದಕ್ಕೂ ಕಂಡಕ್ಟರನನ್ನು ಬೈದೆ. ದಾರಿಯುದ್ದಕ್ಕೂ ಶಿವಲೀಲಾ ಕಿಟಕಿಗೆ ಮುಖ ಮಾಡಿ ಕುಳಿತಿದ್ದಳು. ಅವಳ ಸಿಟ್ಟು ಮಾಸ್ತರರ ಮೇಲಲ್ಲ, ನನ್ನ ಮೇಲೆ ಎಂದು ಆಗ ತಿಳಿಯಿತು. ತಿಳಿದು ಇನ್ನಷ್ಟು ಉರಿಯಿತು.

ಶೆಡ್ಡಿನಲ್ಲಿ ನೆಲಕ್ಕೆ ಹಳದಿ ಬಣ್ಣದ ಗೆರೆ ಎಳೆದಿದ್ದರು. ಅದರಾಚೆ ಕಬ್ಬಿಣದ ಮೇಜು. ಮಹಾದೇವಪ್ಪನವರು ಹುಡುಗರಿಗೆ ಏನೋ ಬೆಸೆದು ತೋರಿಸುತ್ತಿದ್ದರು. ನನ್ನನ್ನು ಕಂಡು ಮುಖದ ಹೆಲ್ಮೆಟ್ ಮೇಲೆತ್ತಿ, ಬೆಸೆಯುವ ಕಡ್ಡಿ ಸಿಕ್ಕಿಸಿದ್ದ ಕರೆಂಟಿನ ಹೋಲ್ಡರನ್ನು ಮೇಜಿನ ಮೇಲಿದ್ದ ಮರದ ಹಲಗೆಯ ಮೇಲೆ ಇಟ್ಟರು. ಐವತ್ತರ ಹತ್ತಿರದ, ಬತ್ತಿದ ಮೈಯ ಮನುಷ್ಯ.

"ಬರ್ರಿ ಅಮ್ಮಾರ. ಗೆರಿ ದಾಟಬ್ಯಾಡ್ರಿ, ಮಶೀನ್ ಚಾಲೂ ಐತಿ."

"ಗೆರಿ ಎಲ್ಲೆಲ್ಲಿ ಎಳೀಬೇಕು ಅನ್ನೂದು ನಿಮಗ ಯಾರು ಕಲಿಸ್ಯಾರ್ರಿ? ಲಿಂಗಕ್ಕೂ ಗೆರಿ ಎಳೀತೀರಿ?"

"ಲಿಂಗಕ್ಕ ಅಲ್ರಿ. ಕೊರಳಾಗ ಜೋತಾಡೂದಕ್ಕ. ಬಗ್ಗಿದಾಗ ಕೆಲಸದ ಮ್ಯಾಲ ಬೀಳತೈತಿ. ನಿಯಮ ಅಂದ್ರ ನಿಯಮ."

"ನಿಯಮ ನನಗ ಹೇಳಬ್ಯಾಡ್ರಿ. ಆಪರೇಷನ್ ಕ್ವಾಣ್ಯಾಗ ಕೂದಲ ಬಿಳಿ ಮಾಡ್ಕೊಂಡೇನಿ."

"ಹೌದ್ರಿ? ಹಂಗಾರ ಮೇಜಿನ ಮ್ಯಾಲ ಮಲಗಿದವ್ರ ಕೊರಳಾಗಿಂದು ತಗಸ್ತಿದ್ರೋ ಇಲ್ಲೋ?"

ತೆಗೆಸುತ್ತಿದ್ದೆ. ತಾಳಿ, ತಾಯಿತ, ಕರಡಿಗೆ, ಯಾವುದನ್ನೂ ಬಿಟ್ಟಿಲ್ಲ. ಅತ್ತವರಿದ್ದರು, ಕೈ ಮುಗಿದವರಿದ್ದರು. ಟ್ರೇಯಲ್ಲಿ ಹಾಕಿ, ಹೆಸರಿನ ಚೀಟಿ ಅಂಟಿಸಿ, ಮುಂದಿನ ಕೆಲಸಕ್ಕೆ ಹೋಗುತ್ತಿದ್ದೆ. ಸಿಕ್ಕಿಬಿದ್ದವಳ ಸಿಟ್ಟು ಎಂಥದು ಎಂದು ಎಲ್ಲರಿಗೂ ಗೊತ್ತು. ಗೆರೆ ದಾಟಿ ಹೋಗಿ ಮೇಜಿನ ಮೇಲೆ ಕೈ ಬಡಿದೆ.

"ಅವ್ರು ಒಂದ ತಾಸು ಬಿಡ್ತಿದ್ರು! ಇಕಿ ಜೀವನಪೂರ್ತಿ ಬಿಡಬೇಕೇನು?"

ಬಡಿಯಲು ಬಗ್ಗಿದಾಗ ನನ್ನ ಕರಡಿಗೆ ಸೆರಗಿನಿಂದ ಹೊರಗೆ ಜಾರಿತು. ಹಲಗೆಯ ಅಂಚಿನಲ್ಲಿ ಹೋಲ್ಡರಿನ ಕಡ್ಡಿ ಹೊರಚಾಚಿತ್ತು. ಬೆಳ್ಳಿ ಒಂದು ಕಡೆ ಆ ಕಡ್ಡಿಗೆ, ಇನ್ನೊಂದು ಕಡೆ ಕಬ್ಬಿಣದ ಮೇಜಿಗೆ ತಾಗಿತು. ಚಟ್ಟನೆ ಸದ್ದು. ಕಣ್ಣಿನ ಮುಂದೆ ಸೂರ್ಯನನ್ನು ಒಡೆದಂತೆ ಬೆಳಕು. "ಸ್ವಿಚ್!" ಎಂದು ಯಾರೋ ಕೂಗಿದರು. ಶಿವಲೀಲಾ ನನ್ನನ್ನು ಸೊಂಟ ಹಿಡಿದು ಹಿಂದಕ್ಕೆ ಎಳೆದಳು.

ಮೈಗೆ ಏನೂ ಆಗಲಿಲ್ಲ. ಕರಡಿಗೆ ಕಟ್ಟಿದ್ದ ಶಿವದಾರ ನೂಲಿನದು, ಅದು ಕಾಪಾಡಿತು. ಆದರೆ ಕರಡಿಗೆಯ ಬದಿಯಲ್ಲಿ ಸಾಸಿವೆ ಕಾಳಿನಷ್ಟು ತೂತು ಬಿದ್ದಿತ್ತು, ಮುಚ್ಚಳ ಕರಗಿ ಅಂಟಿತ್ತು. ಒಳಗೆ ಲಿಂಗ. ಲಿಂಗಕ್ಕೆ ಊನವಾದರೆ ಪ್ರಾಣಕ್ಕೇ ಊನವಾದಂತೆ, ನಮ್ಮವರಿಗೆ ಹೇಳಬೇಕಾಗಿಲ್ಲ. ಉಗುರಿನಿಂದ ಮುಚ್ಚಳ ಎಬ್ಬಿಸಲು ನೋಡಿದೆ, ಬರಲಿಲ್ಲ. ಮಹಾದೇವಪ್ಪನವರು ಸಣ್ಣ ಸ್ಕ್ರೂಡ್ರೈವರ್ ಒರೆಸಿ, ತಾವು ಮುಟ್ಟದೆ ನನ್ನ ಮುಂದೆ ಇಟ್ಟರು. ಎಲ್ಲರೂ ಆ ಕಡೆ ತಿರುಗಿರಿ ಎಂದೆ. ಗೋಡೆಗೆ ಮುಖ ಮಾಡಿ ನಿಂತು ಮುಚ್ಚಳ ಮೀಟಿದೆ. ಲಿಂಗದ ಮೇಲೆ ಒಂದು ಗೆರೆಯೂ ಇರಲಿಲ್ಲ.

ಆ ಬೆಂಕಿ ಯಾರ ಕೊರಳಿಗೆ ಬರುವುದಿತ್ತು? ಬೆಳಗಿನಿಂದ ಸಂಜೆಯ ತನಕ ಆ ಮೇಜಿನ ಮೇಲೆ ಬಗ್ಗುವವಳು ನಾನಲ್ಲ. ನಾನು ಹಾಕಿಸಿದ ಆಣೆಗೆ ನನ್ನ ಕೊರಳಲ್ಲೇ ಉತ್ತರ ಕೊಟ್ಟು, ಮಗುವನ್ನೂ ಲಿಂಗವನ್ನೂ ಶಿವ ಕಾಯ್ದ. ಕೈ ಮುಗಿದೆ. ಮುಗಿದ ಮೇಲೂ ಸಿಟ್ಟು ಹೋಗಿರಲಿಲ್ಲ. ನನ್ನನ್ನು ಒಪ್ಪಿಸಲು ಇಷ್ಟು ಬಿಳಿ ಬೆಳಕು ಬೇಕಿತ್ತೇ ಎಂದು ಅವನನ್ನೇ ಕೇಳಿದೆ.

ಕರಡಿಗೆ ಇನ್ನು ಮುಚ್ಚುವಂತಿರಲಿಲ್ಲ. ಲಿಂಗವನ್ನು ಕೈಯಲ್ಲಿ ಹಿಡಿದು ಊರಿಗೆ ಹೋಗಲಾಗದು. ಚೀಲದಲ್ಲಿದ್ದ ಮಡಿಯ ಬಿಳಿ ಕರವಸ್ತ್ರದಲ್ಲಿ ಸುತ್ತಿ, ಎಡ ಕಂಕುಳಿನ ಕೆಳಗೆ ಮೈಗೆ ಒತ್ತಿ ಭುಜಕ್ಕೆ ಬಿಗಿದು ಕಟ್ಟಿದೆ. ಚಿಕ್ಕಂದಿನಲ್ಲಿ ಬೆಳ್ಳಿ ಇಲ್ಲದ ಮನೆಗಳಲ್ಲಿ ಹೀಗೇ ಬಟ್ಟೆಯಲ್ಲಿ ಕಟ್ಟುವುದನ್ನು ನೋಡಿದ್ದೆ. ಲಿಂಗ ಇರುವುದಕ್ಕೆ ಕೊರಳೊಂದೇ ಜಾಗವಲ್ಲ ಎಂದು ಮಠದ ಅಯ್ಯನವರು ಹೇಳಿಕೊಟ್ಟಿದ್ದರು. ಬೆಳ್ಳಿ ಬಂದ ಮೇಲೆ ಮರೆತೆವು.

ತಿರುಗಿದಾಗ ಮಾಸ್ತರರು ನನ್ನ ಭುಜವನ್ನೇ ನೋಡುತ್ತಿದ್ದರು.

"ಇದು ಜೋತಾಡೂದಿಲ್ಲ" ಎಂದರು. "ಮ್ಯಾಲ ಚರ್ಮದ ಏಪ್ರನ್ ಬರತೈತಿ. ಅರಿವಿ ಮಾತ್ರ ಹತ್ತೀದ ಇರಬೇಕ್ರಿ. ನೈಲಾನ್ ಆದ್ರ ಮೈಗೆ ಅಂಟತೈತಿ."

"ಇದನ್ನ ಮೊದಲನ ದಿನಾನ ಹೇಳಾಕ ಏನಾಗಿತ್ತು?"

"ನನಗೂ ಗೊತ್ತಿರಲಿಲ್ರಿ" ಎಂದು ತಲೆ ತಗ್ಗಿಸಿದರು. "ಕಲಿಯಾಕ ಬಂದ ದಿನ ನಮ್ಮ ಮಾಸ್ತರು ತೆಗಿ ಅಂದ್ರು. ನಾನೂ ನನ್ನ ಲಿಂಗ ತೆಗದು ಟ್ರಂಕಿನ್ಯಾಗ ಇಟ್ಟೆ. ಇಪ್ಪತ್ತಾರು ವರ್ಷ ಆತ್ರಿ, ಟ್ರಂಕಿನ್ಯಾಗ ಐತಿ."

ನನ್ನ ಭುಜದ ಗಂಟನ್ನು ಇನ್ನೊಮ್ಮೆ ಬಿಗಿದೆ. ನಂತರ, ಕರೆಂಟ್ ಇರುವ ಕಡ್ಡಿಯನ್ನು ಮೇಜಿನ ಮೇಲೆ ಬಿಟ್ಟದ್ದು ಯಾವ ನಿಯಮ ಎಂದು ಕೇಳಿದೆ. ತಪ್ಪಾಯಿತು ಎಂದರು. ಹೋಲ್ಡರಿಗೆ ಗೋಡೆಯಲ್ಲಿ ಕೊಕ್ಕೆ ಹೊಡೆಸಿರಿ, ನಾನು ನಿಂತು ನೋಡುತ್ತೇನೆ ಎಂದೆ. ನಿಂತು ನೋಡಿದೆ. ಹತ್ತೂವರೆಗೆ ಕೊಕ್ಕೆ ಬಿತ್ತು. ಹನ್ನೊಂದಕ್ಕೆ ಶಿವಲೀಲಾ ತನ್ನ ತಾಯಿ ಬೆಳಿಗ್ಗೆ ಚೀಲದಲ್ಲಿ ಇಟ್ಟಿದ್ದ ಒಗೆದ ಹತ್ತಿಯ ದಾವಣಿಯ ತುಂಡಿನಲ್ಲಿ ಲಿಂಗ ಕಟ್ಟಿಕೊಂಡು ಗೆರೆ ದಾಟಿ ಒಳಗೆ ಹೋದಳು. ಹೋಗುವಾಗ ತಿರುಗಿ, "ಆಯಿ, ಇನ್ನ ನಡಿ. ಇಲ್ಲೇ ನಿಂತ್ರ ಕಬ್ಬಿಣಾನೂ ಹೆದರತೈತಿ" ಎಂದಳು. ನಾಲ್ಕು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಒಳ್ಳೆಯ ಮಾತು.

ತಪ್ಪಿದ ದಿನಗಳ ಕೆಲಸವನ್ನು ಊಟದ ಹೊತ್ತಿನಲ್ಲಿ ಮಾಡಿಸಿ ಅವರು ಅವಳನ್ನು ಗುರುವಾರ ಪರೀಕ್ಷೆಗೆ ಕೂಡಿಸಿದರು. ಪಾಸಾದಳು. ಈಗ ಧಾರವಾಡದ ಹತ್ತಿರ ಟ್ರಾಲಿ ಕಟ್ಟುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಳೆ. ಪಾಸಾದದ್ದು ಅವಳ ಕೈಯ ಕೆಲಸ, ಅದನ್ನು ಶಿವನ ಹೆಸರಿಗೆ ಬರೆಯುವುದಿಲ್ಲ. ಸೋಮವಾರದ್ದು ಅವನದು. ಹಟ ಮುರಿ ಎಂದು ಕೇಳಿದ್ದೆ, ಮುರಿದ. ಯಾರದನ್ನು ಮೊದಲು ಮುರಿಯಬೇಕು ಎಂಬುದನ್ನು ನನ್ನನ್ನು ಕೇಳಲಿಲ್ಲ, ಅಷ್ಟೇ. ಅವನ ಮೇಲಿನ ನನ್ನ ನಂಬಿಕೆ ಅಂದಿನಿಂದ ಗಟ್ಟಿ, ಜಗಳವೂ ಗಟ್ಟಿ.

ಆ ಸೋಮವಾರ ಸಂಜೆ ಏಳಕ್ಕೆ ಊಟ ಮುಗಿಸಿ, ಹಳೆಯ ಬಿಳಿ ಹತ್ತಿ ಸೀರೆಯೊಂದನ್ನು ಕುದಿಸಿ ಒಣಗಿಸಿದ್ದನ್ನು ತೆಗೆದುಕೊಂಡು ಕುಳಿತೆ. ಅಂಗೈ ಅಗಲದ ಚೀಲ, ಎರಡು ಕಡೆ ಕಟ್ಟುವ ಲಾಡಿ, ಜೋಡಿ ಹೊಲಿಗೆ. ಶಿವಲೀಲಾಳದನ್ನು ಮೊದಲು ಮುಗಿಸಿದೆ, ಆಮೇಲೆ ನನ್ನದು. ಎಂಟೂವರೆಗೆ ಮೂರನೆಯದರ ದಾರ ಹರಿದು ಗಂಟು ಹಾಕಿ, ವಿಭೂತಿ ಹಚ್ಚಿ, ಕಾಗದದಲ್ಲಿ ಮಡಚಿ, ಮೇಲೆ ಮಹಾದೇವಪ್ಪನವರ ಹೆಸರು ಬರೆದು, ಮೊಮ್ಮಗಳ ಊಟದ ಡಬ್ಬಿಯ ಚೀಲದಲ್ಲಿ ಇಟ್ಟೆ.