ನಾನಿಲ್ಲದೆ ಗೆದ್ದ ಕಪ್

ಆ ದಿನಗಳಲ್ಲಿ ಹೈದರಾಬಾದಿನಲ್ಲಿ ಎಲ್ಲವೂ ಎತ್ತರಕ್ಕೆ ಬೆಳೆಯುತ್ತಿತ್ತು, ನಾನೂ ಸೇರಿ. ಉಪ್ಪಲ್ ಕಡೆಯ ನಮ್ಮ ಕಾರ್ಖಾನೆ ಕಾಲೊನಿಯ ಗೋಡೆಯಾಚೆ ಸಾಫ್ಟ್‌ವೇರ್ ಕಂಪನಿಯೊಂದರ ಕಟ್ಟಡ ತಿಂಗಳಿಗೊಂದು ಅಂತಸ್ತು ಏರುತ್ತಿತ್ತು. ಗೋಡೆಯೀಚೆ ಹದಿಮೂರರ ನಾನು ಅಪ್ಪನ ಕಿವಿ ದಾಟಿದ್ದೆ. ನನ್ನ ಲಂಗದ ಅಂಚು ಬಿಚ್ಚಿ ಬಿಚ್ಚಿ ಅಮ್ಮನಿಗೆ ಸಾಕಾಗಿತ್ತು. ಆದರೆ ಕಾಲೊನಿಯ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ನಾನೇ ಸರ್ವಸ್ವ. ಚೆಂಡು ಯಾರಿಗೆ ಸಿಕ್ಕರೂ ನನ್ನತ್ತ ಎಸೆಯುವುದು, ನಾನು ಬುಟ್ಟಿಗೆ ಹಾಕುವುದು, ಉಳಿದ ನಾಲ್ವರು ಚಪ್ಪಾಳೆ ತಟ್ಟುವುದು. ನಮ್ಮ ಆಟವೆಂದರೆ ಇಷ್ಟೇ.

ಆ ಬೇಸಿಗೆಯಲ್ಲಿ ಕಾಲೊನಿಗಳ ನಡುವಿನ ಪಂದ್ಯಾವಳಿ ನಮ್ಮಲ್ಲೇ ನಡೆಯುವುದಿತ್ತು. ಅದಕ್ಕೆ ಮೂರು ವಾರವಿದ್ದಾಗ, ನೆಗೆದರೆ ಬಾಗಿಲ ಚೌಕಟ್ಟು ಸಿಗುತ್ತದೆಂದು ತಮ್ಮನಿಗೆ ತೋರಿಸಲು ಹೋದೆ. ಸಿಕ್ಕಿತು, ಆದರೆ ಹಣೆಗೆ. ಕೆಳಗೆ ಬಿದ್ದಾಗ ಪಾದದ ಎಲುಬು ಬಿರುಕುಬಿಟ್ಟಿತು. ಮೊಣಕಾಲವರೆಗೆ ಪ್ಲಾಸ್ಟರ್ ಹಾಕಿದರು.

ಅಪ್ಪ ಕಲಬುರಗಿಯವರು, ಕಾರ್ಖಾನೆಯಲ್ಲಿ ಫಿಟ್ಟರ್. ಸಂಜೆಹೊತ್ತು ನಮಗೆ ಆಟ ಕಲಿಸುತ್ತಿದ್ದವರೂ ಅವರೇ. ನಾನಿಲ್ಲದ ತಂಡವನ್ನು ಅವರು ಪಂದ್ಯಾವಳಿಯಿಂದ ಹಿಂದೆಗೆದುಕೊಳ್ಳುತ್ತಾರೆಂದು ನಂಬಿದ್ದೆ. ಅವರು ಮಾರನೇ ದಿನವೇ ಎಲ್ಲರಿಗಿಂತ ಕುಳ್ಳಿಯಾದ ಸಬಿಹಾಳನ್ನು ನನ್ನ ಜಾಗದಲ್ಲಿ ನಿಲ್ಲಿಸಿದರು. ಎರಡು ಎಣಿಸುವುದರೊಳಗೆ ಚೆಂಡು ಕೈಬಿಡಬೇಕು ಎಂದು ಹೊಸ ನಿಯಮ ಮಾಡಿದರು.

ನಾನು ಬೇವಿನ ಮರದಡಿ ಕಾಲು ಚಾಚಿಕೊಂಡು, ಉಪ್ಪುಖಾರ ಹಚ್ಚಿದ ಮಾವಿನಕಾಯಿ ತಿನ್ನುತ್ತಾ ನೋಡುತ್ತಿದ್ದೆ. ಮೊದಲ ವಾರ ಪರಮಸುಖ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಸಬಿಹಾ ಎಸೆದದ್ದು ಬುಟ್ಟಿಯ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ನಾನು ಮುಖ ಸಪ್ಪಗೆ ಮಾಡಿಕೊಂಡು ಎಲ್ಲರನ್ನೂ ಸಮಾಧಾನಪಡಿಸುತ್ತಿದ್ದೆ.

ಆಚೆಯ ಕಟ್ಟಡದಲ್ಲಿ ಕಾಂಕ್ರೀಟ್ ಹೊರುತ್ತಿದ್ದ ಯಾದಗಿರಿಯ ಭೀಮವ್ವ ಕೆಲಸ ಬಿಟ್ಟ ಮೇಲೆ ನಮ್ಮ ನಲ್ಲಿಗೆ ನೀರಿಗೆ ಬರುತ್ತಿದ್ದಳು. ನಮ್ಮ ಕನ್ನಡ ಕೇಳಿ, ಕೊಡ ಇಳಿಸಿ ನನ್ನ ಪಕ್ಕ ಕೂರುತ್ತಿದ್ದಳು. ಅವಳ ಸೀರೆಯಿಂದ ಹಸಿ ಸಿಮೆಂಟಿನ ವಾಸನೆ ಬರುತ್ತಿತ್ತು. “ಬುಟ್ಟಿಗಿ ತಳಾನೇ ಇಲ್ಲಲ್ಲವ್ವಾ, ಹೊಲ್ಯಾಕ ಮರೆತಾರೇನು?” ಎಂಬುದು ಅವಳ ಮೊದಲ ಪ್ರಶ್ನೆ. ಕಟ್ಟಡದ ಮೇಲಿನಿಂದ ಅವಳು ತಿಂಗಳುಗಟ್ಟಲೆ ನಮ್ಮ ಆಟ ನೋಡಿದ್ದಳಂತೆ. ಎರಡನೇ ವಾರ ಒಂದು ಸಂಜೆ, ನಾನು ಕೇಳದಿದ್ದರೂ ಹೇಳಿದಳು:

“ನೀ ಆಡುವಾಗ ಈ ಹುಡುಗ್ಯಾರು ನಿಂತು ನಿನ್ನ ನೋಡ್ತಿದ್ರು. ಈಗ ಎಲ್ಲಾರೂ ಓಡಾಕತ್ತಾರ. ನೋಡಾಕ ಭಾಳ ಛಲೋ ಐತಿ.”

ಮಾವಿನಕಾಯಿ ಕೆಳಗಿಟ್ಟು ಅಂಗಳದತ್ತ ನೋಡಿದೆ. ಅವಳು ಹೇಳಿದ್ದು ನಿಜವಾಗಿತ್ತು. ಚೆಂಡು ಕೈಯಿಂದ ಕೈಗೆ ಹೋಗುವ ವೇಗಕ್ಕೆ ನನ್ನ ಕಣ್ಣೇ ತಡವರಿಸುತ್ತಿತ್ತು.

ಪಂದ್ಯಾವಳಿ ಶುರುವಾಯಿತು; ನಮ್ಮ ಹುಡುಗಿಯರು ಒಂದೊಂದೇ ಪಂದ್ಯ ಗೆಲ್ಲುತ್ತಾ ಫೈನಲ್‌ಗೆ ಬಂದರು. ಫೈನಲ್ ದಿನ ಬೆಳಿಗ್ಗೆ ದೇವರ ಮುಂದೆ ಕುಂಟುತ್ತಾ ಹೋಗಿ ನಿಂತೆ. ನಮ್ಮವರು ಸೋಲಲಿ ಎಂದು ನೇರವಾಗಿ ಕೇಳಲು ಧೈರ್ಯ ಸಾಲದೆ, ಚೆನ್ನಾಗಿ ಆಡಿದವರೇ ಗೆಲ್ಲಲಿ ಎಂದು ಬೇಡಿಕೊಂಡೆ. ದೇವರು ಅದನ್ನೇ ನಡೆಸಿಕೊಟ್ಟ.

ಎದುರಾಳಿಗಳು ಸಿಕಂದರಾಬಾದಿನವರು. ಅವರಲ್ಲಿ ನನಗಿಂತಲೂ ಎತ್ತರದ ಹುಡುಗಿಯೊಬ್ಬಳಿದ್ದಳು. ಎಲ್ಲರೂ ಅವಳಿಗೇ ಎಸೆಯುವುದು, ಅವಳು ಹಾಕುವುದು, ಉಳಿದವರು ಚಪ್ಪಾಳೆ ತಟ್ಟುವುದು. ನಾನು ಆಡುವುದನ್ನು ನಾನೇ ಹೊರಗೆ ಕೂತು ನೋಡಿದ ಹಾಗಾಯಿತು. ನಮ್ಮ ಹುಡುಗಿಯರು ಅವಳ ಸುತ್ತ ಚೆಂಡು ದಾಟಿಸುತ್ತಲೇ ಹೋದರು. ಕೊನೆಗೆ ಅವಳು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡತೊಡಗಿದಳು. ಕಡೆಯ ನಿಮಿಷದಲ್ಲಿ ನಾವು ಒಂದೇ ಅಂಕ ಹಿಂದಿದ್ದೆವು. ಚೆಂಡು ನಾಲ್ಕು ಕೈ ದಾಟಿ ಸಬಿಹಾಗೆ ಬಂತು. ಅವಳು ಕಣ್ಣು ಮುಚ್ಚಿಕೊಂಡು ಎರಡೂ ಕೈಯಿಂದ ಎಸೆದಳು. ಚೆಂಡು ಬುಟ್ಟಿಯ ಕಬ್ಬಿಣದ ಬಳೆಯ ಮೇಲೆ ಎರಡು ಸುತ್ತು ಹಾಕಿ ಒಳಗೆ ಬಿತ್ತು.

ಯಾವಾಗ ಎದ್ದೆನೋ ಗೊತ್ತಿಲ್ಲ. ಗಂಟಲು ಹರಿಯುವಂತೆ ಕೂಗುತ್ತಾ ಕುಪ್ಪಳಿಸಿಕೊಂಡು ಅಂಗಳಕ್ಕೆ ನುಗ್ಗಿ ಮುಗ್ಗರಿಸಿ ಬಿದ್ದೆ. ಪ್ಲಾಸ್ಟರ್ ಒಡೆಯಿತು. ಅಪ್ಪ ಸಬಿಹಾಳನ್ನು ಎತ್ತಿ ಇಳಿಸಿದ ಮೇಲೆಯೇ ನನ್ನನ್ನು ಕಂಡದ್ದು. “ಆಡಿದವರು ಯಾರೂ ಬಿದ್ದಿಲ್ಲ, ನೀ ಯಾಕ ಬಿದ್ದಿ?” ಎಂದು ಕೇಳಿದರು.

ಫೋಟೋಕ್ಕೆ ನನ್ನನ್ನೂ ಎಳೆದುಕೊಂಡರು. ಎತ್ತರದವಳೆಂದು ಹಿಂದೆ ನಿಲ್ಲಿಸಿ, ಎಲ್ಲರ ತಲೆಯ ಮೇಲೆ ಕಾಣಲೆಂದು ಕಪ್ ನನ್ನ ಕೈಗೇ ಕೊಟ್ಟರು. ಈಗಲೂ ಮನೆಗೆ ಬಂದವರು ಆ ಫೋಟೋ ನೋಡಿ, ನೀವೇ ಕ್ಯಾಪ್ಟನ್ ಇದ್ದಿರಾ ಎನ್ನುತ್ತಾರೆ. ಕೆಲವೊಮ್ಮೆ ಹೂಂ ಅಂದುಬಿಟ್ಟಿದ್ದೇನೆ.

ನಾವು ಆಡಿದ ಅಂಗಳ ಈಗಿಲ್ಲ, ಅಲ್ಲಿ ಕಾರುಗಳು ನಿಲ್ಲುತ್ತವೆ. ಸಬಿಹಾ ಎಲ್ಲಿದ್ದಾಳೋ ಗೊತ್ತಿಲ್ಲ. ಈಗ ಆಫೀಸಿನಲ್ಲಿ ನನ್ನ ಕೈಕೆಳಗೆ ಹನ್ನೆರಡು ಜನರಿದ್ದಾರೆ. ಹೋದ ತಿಂಗಳು ಒಂದು ವಾರ ರಜೆ ಹಾಕಿದ್ದೆ. ಯಾರೂ ಒಂದು ಫೋನೂ ಮಾಡದೆ, ಕೆಲಸವನ್ನೆಲ್ಲ ಹೊತ್ತಿಗೆ ಸರಿಯಾಗಿ ಮುಗಿಸಿದ್ದರು. ಹಾಗೆಂದು ಅವರು ಕಳಿಸಿದ್ದ ಮೇಲ್ ಓದಿ ಖುಷಿಯ ಬದಲು ದಿಗಿಲಾಯಿತು. ಚೆಂಡನ್ನು ಮುಟ್ಟದೆಯೂ ಗೆದ್ದೆವೆಂದು ಕೂಗಿ ಬಿದ್ದಿದ್ದ ಆ ಹುಡುಗಿಗಾಗಿ ನನ್ನೊಳಗೆಲ್ಲ ಹುಡುಕಿದೆ. ಸಿಗಲಿಲ್ಲ. ಬಹಳ ಚೆನ್ನಾಗಿದೆ ಎಂದು ಉತ್ತರ ಬರೆದು, ನನ್ನ ಜಾಗದಲ್ಲಿ ನಿಂತು ಇದೆಲ್ಲ ಮಾಡಿದ್ದು ಯಾರು ಎಂದು ಕೆಳಗೆ ಕೇಳಿದೆ.